ಮೂವತ್ತೆರಡನೆಯ ಸಾಲು

ಆದೋನಿ ಬಸ್ ನಿಲ್ದಾಣದಲ್ಲಿ ನಿಂತು ಕಂಟ್ರೋಲರ್ ವಾದೀಂದ್ರ ಎಲ್ಲಿ ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. 'ವಸ್ತೇ-ರಾಕುಂಟೇ ಸಾರು' ಎಂದು ಕೇಳಿ, ಶೇಂಗಾ ಮಾರುವ ಮುದುಕಿ ಕೂಡ ಬೆರಳು ತೋರಿಸುತ್ತಾಳೆ. ಬಂದರೆ-ಬರದಿದ್ದರೆ ಎಂದು ಅದರ ಅರ್ಥ. ಡ್ರೈವರುಗಳು ತೆಲುಗಿನಲ್ಲಿ ಇಟ್ಟ ಹೆಸರು, ಕನ್ನಡದವರ ಬಾಯಲ್ಲೂ ಅದೇ ನಿಂತಿತು. ಎಮ್ಮಿಗನೂರಿನ ಬಸ್ಸು ತುಸು ತಡವಾದರೆ ಸಾಕು, ಈ ಮನುಷ್ಯ ಕುರ್ಚಿಯಲ್ಲಿ ಕೂರುವವನಲ್ಲ. ಬಂದರೆ ಅದನ್ನೇ ಆಲೂರಿಗೆ ಬಿಡಬೇಕು, ಬರದಿದ್ದರೆ ಸಿರುಗುಪ್ಪದ್ದನ್ನು ತಿರುಗಿಸಬೇಕು, ಅದೂ ಬರದಿದ್ದರೆ? ಕಿಟಕಿಗೆ ಹೋಗುತ್ತಾನೆ, ವಾಪಸು ಬರುತ್ತಾನೆ, ಪೆನ್ನಿನ ಮುಚ್ಚಳ ಕಡಿಯುತ್ತಾನೆ. ಬಸ್ಸು ಬಂದು ನಿಂತರೂ ಸಮಾಧಾನವಿಲ್ಲ. ಹೊರಟ ಮೇಲೆ ದಾರಿಯಲ್ಲಿ ಕೆಟ್ಟರೆ?

ಊರಿನವರ ಬಸ್ಸಿಗೇ ಇಷ್ಟು ಒದ್ದಾಡುವವನಿಗೆ ಸ್ವಂತ ಮಗಳು ಹುಟ್ಟಿದರೆ ಹೇಗಿದ್ದೀತು, ನೀವೇ ಹೇಳಿ. ಮದುವೆಯಾಗಿ ಹನ್ನೆರಡು ವರ್ಷಕ್ಕೆ ಹುಟ್ಟಿದ ಕೂಸು. ಎರಡು ಸಲ ಹೊಟ್ಟೆಯಲ್ಲಿ ನಿಂತು ಹೋಗಿತ್ತು. ಮೂರನೆಯ ಸಲ ಹೆಂಡತಿ ಯಾಮಿನಿಗೆ ದಿನ ನಿಂತಾಗ ವಾದೀಂದ್ರ ಅದನ್ನು ನೆರೆಮನೆಗೂ ಹೇಳಲಿಲ್ಲ. ಆಸ್ಪತ್ರೆಗೆ ಹೋಗುವಾಗ ಕೈಯಲ್ಲಿ ತರಕಾರಿ ಚೀಲ ಹಿಡಿದು ಹೋಗುತ್ತಿದ್ದ, ಮಾರ್ಕೆಟ್ಟಿಗೆ ಹೊರಟಂತೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವನು ಮಜ್ಜಿಗೆಯನ್ನೂ ಆರಿಸಿ ಕುಡಿಯುತ್ತಾನೆ ಎನ್ನುತ್ತಾರಲ್ಲ, ಇವನು ನೀರನ್ನೂ ಊದಿದ. ಅಂತೂ ಹೆಣ್ಣು ಮಗು ಹುಟ್ಟಿತು, ತಾಯಿ ಮಗು ಗಟ್ಟಿಯಾದರು, ಮೂರನೆಯ ತಿಂಗಳು ಶ್ರಾವಣದಲ್ಲಿ ತೊಟ್ಟಿಲಿಗೆ ಹಾಕುವುದು ಎಂದಾಯಿತು. ಅಲ್ಲಿಂದ ಶುರುವಾಯಿತು ನೋಡಿ ಅವನ ಹೊಸ ಒದ್ದಾಟ.

ತೊಟ್ಟಿಲ ಶಾಸ್ತ್ರದಲ್ಲಿ ಹೆಸರಿಡುವವಳು ಸೋದರತ್ತೆ, ಅಂದರೆ ಕೂಸಿನ ತಂದೆಯ ಅಕ್ಕ ಅಥವಾ ತಂಗಿ. ಅವಳು ಕೂಸಿನ ಕಿವಿಯಲ್ಲಿ 'ಕುರ್‍ರ್' ಎಂದು ಹೆಸರು ಉಸುರಬೇಕು, ಸುತ್ತ ನಿಂತ ಹೆಂಗಸರು ನಗುನಗುತ್ತ ಅವಳ ಬೆನ್ನಿಗೆ ಗುದ್ದಬೇಕು. ಗುದ್ದು ಬಿದ್ದಷ್ಟೂ ಚೆಂದ. ವಾದೀಂದ್ರನಿಗೆ ಇರುವವಳು ಒಬ್ಬಳೇ ಅಕ್ಕ, ತುಳಸಿಬಾಯಿ. ಪತ್ತಿಕೊಂಡದಲ್ಲಿದ್ದಾಳೆ. ಅವಳ ಗಂಡ ರಾಘಣ್ಣ ಅಲ್ಲಿಯ ಗುಡಿಯಲ್ಲಿ ಪೂಜೆ ಮಾಡುತ್ತಾನೆ. ತಾಯಿ ಬೇಗ ಹೋದ ಮೇಲೆ ತಮ್ಮನ ಮೂಗು ಒರೆಸಿ, ಕೈತುತ್ತು ಹಾಕಿ ಬೆಳೆಸಿದವಳು. ಅಂಥ ಅಕ್ಕ ಮೂರು ವರ್ಷಗಳಿಂದ ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ.

ತಪ್ಪು ಯಾರದು? ಮುಚ್ಚುಮರೆ ಏಕೆ, ವಾದೀಂದ್ರನದೇ. ಎರಡನೆಯ ಬಸಿರಿಗೆ ನಾಲ್ಕು ತಿಂಗಳಾದಾಗ ತುಳಸಿಬಾಯಿ ಕಾಲು ನೆಲದ ಮೇಲೆ ನಿಲ್ಲದಷ್ಟು ಸಂತೋಷಪಟ್ಟಳು. ಪತ್ತಿಕೊಂಡದಲ್ಲಿ ಎದುರಾದವರಿಗೆಲ್ಲ ಹೇಳಿದಳು, ಹೂವು ಹಣ್ಣು ಹೊತ್ತು ಬಂದು ಯಾಮಿನಿಗೆ ಮುಡಿಸಿದಳು, ಕೆಂಪು ಅಂಚಿನ ಒಂದು ಕುಲಾವಿಯನ್ನೂ ಹೊಲಿದಳು. ಅವಳು ಹೋದ ವಾರದಲ್ಲೇ ಬಸಿರು ಇಳಿಯಿತು. ಆಸ್ಪತ್ರೆಯಿಂದ ಬಂದ ದಿನ ಓಣಿಯ ಹಿರಿಯಳೊಬ್ಬಳು ಯಾಮಿನಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ಮೆಣಸಿನಕಾಯಿ ಸುಟ್ಟಾಗ ಮೂಗು ಬಾಯಿ ಉರಿಯುವ ಘಾಟು ಬಂದರೆ ಕಣ್ಣು ತಾಗಿಲ್ಲ ಎಂದರ್ಥ, ಬರದಿದ್ದರೆ ತಾಗಿದೆ ಎಂದರ್ಥ. ಅಂದು ಘಾಟು ಬರಲಿಲ್ಲ. ಸುದ್ದಿ ಕೇಳಿ ಓಡೋಡಿ ಬಂದ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ವಾದೀಂದ್ರ ಎಲ್ಲರೆದುರು ಅಂದುಬಿಟ್ಟ.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿದ್ಯಲ್ಲ, ಆತೀಗ? ನಿನ್ನ ಕಣ್ಣೇ ತಾಗೇತಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತುಳಸಿಬಾಯಿ ಚಪ್ಪಲಿ ಮೆಟ್ಟಿದವಳು ತಿರುಗಿ ನೋಡದೆ ಹೋದಳು.

ಈಗ ತೊಟ್ಟಿಲ ದಿನಕ್ಕೆ ಹದಿನೈದು ದಿನ ಇರುವಾಗ ವಾದೀಂದ್ರ ಡ್ಯೂಟಿ ಮುಗಿಸಿ ಬಂದು, ಕಾಲು ಕೂಡ ತೊಳೆಯದೆ, ಕಾಗದ ಹಿಡಿದು ಕೂರಲು ಶುರು ಮಾಡಿದ. ಮಳೆ ಬಂದರೆ, ಕರೆಂಟು ಹೋದರೆ. ಮಳೆ ಬಂದು ಕರೆಂಟೂ ಹೋದರೆ. ಪುರೋಹಿತರು ಬಾರದೆ ಅಡಿಗೆಯವರು ಬಂದರೆ. ಬರೆದದ್ದನ್ನೇ ಮತ್ತೆ ಬರೆಯುತ್ತಿದ್ದ, ಬರೆಯಬೇಕಾದದ್ದನ್ನು ಬಿಡುತ್ತಿದ್ದ, ಹರಿದು ಹಾಕಿ ಮತ್ತೆ ಮೊದಲಿನಿಂದ ಬರೆಯುತ್ತಿದ್ದ. ಮನೆಯ ಮೂಲೆಯಲ್ಲಿ ಕಾಗದದ ಉಂಡೆಗಳು ಗುಡ್ಡೆ ಬಿದ್ದವು.

ಯಾಮಿನಿ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಕಲಿಸುವವಳು, ಬಾಣಂತಿ ರಜೆಯಲ್ಲಿದ್ದಳು. ಮೂರು ದಿನ ಸಹಿಸಿದಳು. ನಾಲ್ಕನೆಯ ಸಂಜೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಲ್ಯಾಪ್‌ಟಾಪ್ ತೆರೆದಳು.

"ಹಿಂಗ ಬರದ್ರ ನಿಮ್ಮ ಜನ್ಮದಾಗ ಮುಗಿಯಂಗಿಲ್ಲ. ಇಲ್ಲಿ ಕೂಡ್ರಿ. ನಿಮಗ ಯಾವ್ಯಾವುದರ ಚಿಂತಿ ಐತಿ, ಅಷ್ಟೇ ಹೇಳ್ರಿ."

ಬೆರಳು ಮಡಿಚಿ ಹೇಳಿದ. ಮಳೆ ಬಿಡುವು ಕೊಡುವುದು, ಕರೆಂಟು ಇರುವುದು, ಪುರೋಹಿತರು ಬರುವುದು, ಅಡಿಗೆಯವರು ಬರುವುದು. ಹೆಬ್ಬೆರಳು ಉಳಿದಿತ್ತು. "ಮತ್ತ... ಅಕ್ಕ ಬರೋದು."

"ಐದು. ಒಂದೊಂದಕ್ಕೂ ಎರಡೇ ದಾರಿ, ಆದ್ರ ಒಂದು, ಆಗದಿದ್ರ ಸೊನ್ನಿ. ಎರಡನ್ನ ಐದು ಸಲ ಗುಣಸ್ರಿ, ಮೂವತ್ತೆರಡು. ಅಷ್ಟೇ ನೋಡ್ರಿ ನಿಮ್ಮ ಸಂಸಾರದ ಚಿಂತಿ."

"ಬರೇ ಮೂವತ್ತೆರಡೇನು?" ವಾದೀಂದ್ರನಿಗೆ ಒಂಥರಾ ನಿರಾಶೆಯೇ ಆಯಿತು.

ಅವಳು ನಾಲ್ಕೈದು ಸಾಲು ಬರೆದಳು. ಗುಟ್ಟೇನೂ ಇಲ್ಲ. ಸೊನ್ನೆಯಿಂದ ಮೂವತ್ತೊಂದರ ತನಕ ಎಣಿಸುತ್ತ ಹೋಗುವುದು, ಪ್ರತಿ ಸಂಖ್ಯೆಯನ್ನೂ ಬರೀ ಸೊನ್ನೆ-ಒಂದುಗಳಲ್ಲಿ ಐದು ಅಂಕಿಯಾಗಿ ಬರೆಯುವುದು. ಎಣಿಕೆಯಲ್ಲಿ ಯಾವ ಸಂಖ್ಯೆಯೂ ತಪ್ಪುವುದಿಲ್ಲ, ಯಾವುದೂ ಎರಡು ಸಲ ಬರುವುದಿಲ್ಲ, ಹಾಗಾಗಿ ಚಿಂತೆಯೂ ಒಂದೂ ತಪ್ಪುವುದಿಲ್ಲ. ಗುಂಡಿ ಒತ್ತಿದಳು. ಪರದೆಯ ಮೇಲೆ ಸಾಲುಗಳು ಸರಸರನೆ ಇಳಿದವು. ಮೊದಲ ಸಾಲು ಐದೂ ಸೊನ್ನೆ. ಮಳೆ ಹೊಡೆದು, ಕರೆಂಟು ಹೋಗಿ, ಯಾರೂ ಬಾರದ ದಿನ. ವಾದೀಂದ್ರ ಅದನ್ನು ನೋಡಿ ತಲೆ ಆಡಿಸಿದ, ಗೊತ್ತಿದ್ದದ್ದೇ ಎಂಬಂತೆ. ಕೊನೆಯ ಸಾಲಿಗೆ ಬಂದಾಗ ಮುಖ ಕಪ್ಪಿಟ್ಟಿತು.

ಐದೂ ಒಂದು. ಮಳೆ ಇಲ್ಲ, ಕರೆಂಟಿದೆ, ಪುರೋಹಿತರು ಬಂದಿದ್ದಾರೆ, ಅಡಿಗೆ ಆಗಿದೆ, ಅಕ್ಕ ಬಂದಿದ್ದಾಳೆ.

"ತೆಗಿ ಅದನ್ನ."

"ಯಾಕ್ರೀ?"

"ಎಲ್ಲಾ ಚೊಲೋ ಆಗತೈತಿ ಅಂತ ಬರದು ಇಡೋದು ಬ್ಯಾಡ. ಕಣ್ಣು ಬೀಳತೈತಿ."

"ಅಯ್ಯ, ಕಂಪ್ಯೂಟರಿನಾಗ ಬಂದು ಯಾರು ಕಣ್ಣು ಹಾಕ್ತಾರ?"

"ತೆಗಿ ಅಂದ್ನೆಲ್ಲ!"

ಕೂಸು ಬೆಚ್ಚಿ ಅತ್ತಿತು. ಯಾಮಿನಿ ಗಂಡನ ಮುಖ ನೋಡಿದಳು, ಅಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಒಂದು ಅಂಕಿ ತಿದ್ದಿದಳು. ಎಣಿಕೆ ಒಂದು ಹೆಜ್ಜೆ ಮೊದಲೇ ನಿಂತಿತು. ಮೂವತ್ತೊಂದು ಸಾಲು ಪ್ರಿಂಟಾಗಿ ವಾದೀಂದ್ರನ ಕೈಗೆ ಬಂತು.

ಆಮೇಲೆ ಒಂದು ವಾರ ಆ ಕಾಗದ ಅವನ ಜೇಬಿನಲ್ಲೇ. ಬಸ್ಸುಗಳ ನಡುವೆ ಬಿಡುವಾದಾಗ ಒಂದೊಂದು ಸಾಲಿಗೂ ಪರಿಹಾರ ಬರೆಯುತ್ತಿದ್ದ. ಮಳೆಗೆ ಪಡಸಾಲೆ, ಕರೆಂಟಿಗೆ ಬಾಡಿಗೆ ಇನ್ವರ್ಟರ್, ಅಡಿಗೆಗೆ ಎದುರು ಮನೆಯವರ ಬಾಣಲೆ. ಬರೆದಷ್ಟೂ ಸಮಾಧಾನ ಬರಬೇಕಿತ್ತು, ಬರಲಿಲ್ಲ. ಊಟಕ್ಕೆ ಕೂತವನು ನಡುವೆ ಎದ್ದು ಹೋಗಿ ಶಾಮಿಯಾನದವನಿಗೆ ಫೋನು ಮಾಡಿದ. ಉರುಕುಂದದ ಜಾತ್ರೆಗೆ ಹೆಚ್ಚಿನ ಬಸ್ಸು ಬಿಡುವ ದಿನ ಪತ್ತಿಕೊಂಡದ ಬಸ್ಸಿಗೆ ಉರುಕುಂದದ ಬೋರ್ಡು ಹಾಕಿಸಿದ. ಇಬ್ಬರು ಮುದುಕರು ಹತ್ತಿ ಕೂತು, ಇಳಿದು, ಅವನಿಗೆ ತೆಲುಗಿನಲ್ಲಿ ಚೆನ್ನಾಗಿ ಮಂಗಳಾರತಿ ಎತ್ತಿದರು.

ಆ ಕಾಗದವನ್ನು ಒಂದು ಮಧ್ಯಾಹ್ನ ಯಾಮಿನಿ ಅಂಗಿ ಒಗೆಯಲು ಹಾಕುವಾಗ ಓದಿದಳು. ಅಕ್ಕ ಬಾರದ ಸಾಲುಗಳಲ್ಲೆಲ್ಲ 'ಸುಷ್ಮಿತಾ ಹೆಸರು ಹೇಳುವುದು' ಎಂದಿತ್ತು. ಸುಷ್ಮಿತಾ ಎಂದರೆ ಅವನ ಚಿಕ್ಕಪ್ಪನ ಮಗಳು. ಅಕ್ಕ ಬರುವ ಸಾಲುಗಳಲ್ಲಿ ಮಳೆ, ಕರೆಂಟು, ಬಾಣಲೆ ಎಲ್ಲದರ ಮಾತೂ ಇತ್ತು, ಅಕ್ಕನ ಮಾತು ಒಂದರಲ್ಲೂ ಇರಲಿಲ್ಲ. ಸಂಜೆ ಅವನು ಬಂದಾಗ ಕಾಗದ ಮುಂದಿಟ್ಟಳು.

"ಅಕ್ಕ ಬಂದ್ರ ಏನಂತ ಮಾತಾಡಸ್ತೀರಿ?"

"ಬಂದ್ರ... ಆವಾಗ ನೋಡೋಣ ಬಿಡು."

"ಮೊದಲು ಕರದೀರೇನು?"

"ಮನೆತನದ ವಾಟ್ಸಾಪ್ ಗ್ರೂಪಿನಾಗ ಹಾಕೀನಲ್ಲ. ಆಕಿನೂ ಅದಾಳ ಅದರಾಗ."

"ರಾಮ ರಾಮ! ಸೋದರತ್ತಿನ್ನ ಗ್ರೂಪಿನಾಗ ಕರೀತಾರೇನ್ರೀ? ಅರಿಷಿಣ ಕುಂಕುಮ ಹಿಡಕೊಂಡು ಮನೀಗೆ ಹೋಗಿ ಕರೀಬೇಕು. ನಿಮಗ ಯಾರಾದ್ರೂ ಹೇಳಬೇಕೇನು?"

ವಾದೀಂದ್ರ ಎದ್ದು ಕಿಟಕಿಗೆ ಹೋದ. ಹಿಂದೆಯೇ ಅವಳ ಮಾತು ಬಂತು, ಈ ಸಲ ಮೆತ್ತಗೆ.

"ನಂದೂ ತಪ್ಪು ಐತಿ. ಮಳಿ ನಿಮ್ಮ ಕೈಯಾಗಿಲ್ಲ, ಕರೆಂಟು ನಿಮ್ಮ ಕೈಯಾಗಿಲ್ಲ, ಅವನ್ನ ಸೊನ್ನಿ-ಒಂದು ಮಾಡಿ ತಿರುಗಿಸಿದ್ದು ಸರಿ. ಅಕ್ಕನ್ನ ಅದರಾಗ ಹಾಕಬಾರದಿತ್ತು. ಆಕಿ ಬರೋದು ಬಿಡೋದು ತಾನಾಗೇ ಆಗೋದಲ್ಲ. ಆ ಅಂಕಿ ಇಡೋರು ನೀವು."

ಮರುದಿನ ಅವನು ರಜೆ ಹಾಕಿ ಪತ್ತಿಕೊಂಡದ ಬಸ್ಸು ಹತ್ತಿದ. "ಏಂ ಸಾರ್, ಮೀರೇ ಪ್ರಯಾಣಮಾ?" ಎಂದು ಕಂಡಕ್ಟರ್ ಹಲ್ಲು ಕಿಸಿದ. ಕಂಟ್ರೋಲರೇ ಪ್ರಯಾಣ ಹೊರಟರೆ ಬಸ್ಸು ಹೊತ್ತಿಗೆ ಸರಿಯಾಗಿ ಹೋಗುತ್ತದೆ ಎಂದು ಹಿಂದಿನ ಸೀಟಿನಿಂದ ಯಾರೋ ನಕ್ಕರು. ವಾದೀಂದ್ರನಿಗೆ ಯಾವುದೂ ಕೇಳಲಿಲ್ಲ. ಅಕ್ಕ ಬೈದರೆ ಕಾಲು ಹಿಡಿಯುವುದು. ಬೈಯದಿದ್ದರೂ ಹಿಡಿಯುವುದು. ಬಾಗಿಲು ಹಾಕಿಕೊಂಡರೆ ಗುಡಿಗೆ ಹೋಗಿ ಭಾವನನ್ನು ಕಾಣುವುದು. ದಾರಿಯುದ್ದಕ್ಕೂ ಲೆಕ್ಕ ಹಾಕಿದ.

ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ತುಳಸಿಬಾಯಿ ಮೊಮ್ಮಗನಿಗೆ ಅನ್ನ ತಿನ್ನಿಸುತ್ತಿದ್ದಳು. ಎರಡು ವರ್ಷದ ಹುಡುಗ ಬಾಯಿ ತೆರೆದು ಕೂತಿದ್ದ. ಅವಳು ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕೈಯಿಂದಲೇ ತಡವಿ ಅವನ ಬಾಯಿ ಹುಡುಕಿ ತುತ್ತು ಇಡುತ್ತಿದ್ದಳು. ವಾದೀಂದ್ರನಿಗೆ ಅರ್ಥವಾಗಲಿಲ್ಲ. ಅಕ್ಕನ ಕಣ್ಣು ಹೋಗಿದೆಯೇ ಎಂದು ಬಾಗಿಲಲ್ಲೇ ನಿಂತುಬಿಟ್ಟ.

"ಕಣ್ಣಿಗೆ ಏನೂ ಆಗಿಲ್ಲೋ," ಒಳಗಿನಿಂದ ಬಂದ ರಾಘಣ್ಣ ತಗ್ಗಿದ ದನಿಯಲ್ಲಿ ಹೇಳಿದ. "ಮೂರು ವರ್ಷಾತು, ಸಣ್ಣ ಕೂಸುಗಳ ಮುಖ ಆಕಿ ನೆಟ್ಟಗ ನೋಡಿಲ್ಲ. ಈ ಮೊಮ್ಮಗ ಹುಟ್ಟಿದಾಗಿಂದ್ಲೂ ಹಿಂಗ. ಎಷ್ಟು ಹೇಳಿದ್ರೂ ಕೇಳಂಗಿಲ್ಲ."

ಅಕ್ಕ ಸಿಟ್ಟಾಗಿದ್ದಾಳೆ ಎಂದೇ ಮೂರು ವರ್ಷ ತಿಳಿದಿದ್ದ. ಸಿಟ್ಟಿಗೆ ಅವನ ಹತ್ತಿರ ಉತ್ತರವಿತ್ತು. ತಾನು ಆಡಿದ್ದನ್ನು ಅವಳು ನಂಬಿಬಿಟ್ಟಿದ್ದಾಳೆ ಎಂಬುದು ಅವನ ಯಾವ ಲೆಕ್ಕದಲ್ಲೂ ಇರಲಿಲ್ಲ. ಕಾಲು ಹಿಡಿಯಬೇಕೆಂದು ಬಂದವನು ಅಲ್ಲೇ ನೆಲಕ್ಕೆ ಕುಸಿದು ಹೋ ಎಂದು ಅತ್ತ. ಹುಡುಗ ಬಾಯಲ್ಲಿ ಅನ್ನವಿಟ್ಟುಕೊಂಡು ಈ ದೊಡ್ಡ ಗಂಡಸನ್ನು ಪಿಳಿಪಿಳಿ ನೋಡಿದ.

"ಅಕ್ಕಾ, ನನ್ನ ಬಾಯಿ ಹೊಲಸು. ನಿನ್ನ ಕಣ್ಣಲ್ಲ, ನನ್ನ ಬಾಯಿ ಹೊಲಸು. ಬಾ ಅಕ್ಕಾ. ಕೂಸಿನ ಕಿವಿಯಾಗ ನೀನೇ ಹೆಸರು ಹೇಳಬೇಕು."

ತುಳಸಿಬಾಯಿ ತುತ್ತು ಕಲಸುವುದನ್ನು ನಿಲ್ಲಿಸಿದಳು. ಎಂಜಲು ಕೈ ತಟ್ಟೆಯಲ್ಲೇ ಒಣಗಿತು.

"ನೀ ಅಂದದ್ದು ಖರೇ ಇದ್ರ ಏನ್ ಮಾಡ್ತೀಯೋ ವಾದಿ? ಹನ್ನೆರಡು ವರ್ಷಕ್ಕ ಹುಟ್ಟಿದ್ದು. ನನ್ನಿಂದ ಅದಕ್ಕ ಏನಾರ ಆದ್ರ ನಾ ಜೀವ ಇಟ್ಟೀನೇನು? ಅವತ್ತು ಘಾಟು ಬರ್ಲಿಲ್ಲ, ನಾನೇ ನೋಡೀನಲ್ಲ."

 ವಾದೀಂದ್ರ ತಂದಿದ್ದ ಕುಂಕುಮದ ಬಟ್ಟಲನ್ನು ಅವಳ ಮುಂದೆ ಸರಿಸಿದ. ಅವಳು ಹಣೆಗೆ ಹಚ್ಚಿಕೊಂಡಳು, ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ. ಹೊರಟಾಗ ಅವನ ಅಂಗಿಯ ಕಾಲರು ಮಾತ್ರ ಸರಿಮಾಡಿದಳು, ಸಣ್ಣವನಿದ್ದಾಗ ಮಾಡುತ್ತಿದ್ದ ಹಾಗೆ.

ಬಸ್ಸಿಗೆ ಹೊತ್ತಿತ್ತು. ಬಜಾರಿನಲ್ಲಿ ಏನೋ ಹೊಳೆದು, ವಾದೀಂದ್ರ ಒಂದು ಅಂಗಡಿಯ ಮುಂದೆ ನಿಂತ, ಒಂದು ಸಣ್ಣ ಪೊಟ್ಟಣ ಕಟ್ಟಿಸಿಕೊಂಡ. ಮನೆಗೆ ಬಂದು ಅದನ್ನು ಅಟ್ಟದ ಮೇಲೆ ಇಟ್ಟ, ಯಾಮಿನಿಗೂ ಹೇಳಲಿಲ್ಲ.

ತೊಟ್ಟಿಲ ದಿನ ಮೋಡ ಕವಿದಿತ್ತು, ಮಳೆ ಬರಲಿಲ್ಲ. ಕರೆಂಟು ಕಣ್ಣು ಕೂಡ ಮಿಟುಕಿಸಲಿಲ್ಲ. ಅಡಿಗೆಯವರು ನಸುಕಿನಲ್ಲೇ ಬಂದು ಒಲೆ ಹೊತ್ತಿಸಿದರು, ಪುರೋಹಿತರು ಹೇಳಿದ ಹೊತ್ತಿಗಿಂತ ಮೊದಲೇ ಬಂದು ಕಾಫಿ ಕೇಳಿದರು. ವಾದೀಂದ್ರನ ಕಾಲು ಮಾತ್ರ ಅಂಗಳ ಪಡಸಾಲೆ, ಪಡಸಾಲೆ ಅಂಗಳ. ಪತ್ತಿಕೊಂಡದ ಮೊದಲ ಬಸ್ಸು ಬಂದಿದೆ ಎಂದು ನಿಲ್ದಾಣದಿಂದ ಫೋನು ಬಂತು. ಅದರಲ್ಲಿ ಅಕ್ಕ ಇರಲಿಲ್ಲ. ಎರಡನೆಯದರಲ್ಲೂ ಇರಲಿಲ್ಲ. ಸುಷ್ಮಿತಾ ಹೊಸ ಸೀರೆಯುಟ್ಟು ತಯಾರಾಗಿ ನಿಂತಿದ್ದಳು. ತೊಟ್ಟಿಲಲ್ಲಿ ಮೊದಲು ಗುಂಡುಕಲ್ಲು ಮಲಗಿಸಿ ತೂಗಿದ್ದೂ ಆಯಿತು. ಆಗ ಓಣಿಯ ತಿರುವಿನಲ್ಲಿ ಆಟೋ ನಿಂತು, ರಾಘಣ್ಣನ ಹಿಂದೆ ತುಳಸಿಬಾಯಿ ಇಳಿದಳು. ಸೆರಗು ಹುಬ್ಬಿನ ತನಕ ಇತ್ತು.

ಯಾಮಿನಿ ಗಂಡನ ಕಿವಿಯ ಹತ್ತಿರ ಬಂದಳು. "ಐದೂ ಒಂದು. ನೀವು ತೆಗಿಸಿದ ಸಾಲು ಇದು."

"ಬಾಯಿ ಮುಚ್ಚು ನೀ," ಎಂದ ವಾದೀಂದ್ರ, ಕಣ್ಣು ಒರೆಸಿಕೊಳ್ಳುತ್ತ.

ತುಳಸಿಬಾಯಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ ತೊಟ್ಟಿಲ ಮೇಲೆ ಬಾಗಿದಳು. ಹೆಂಗಸರು ಕೂಸಿನ ಕಿವಿಯನ್ನು ಅವಳ ತುಟಿಗೆ ಹಿಡಿದರು. "ಕುರ್‍ರ್... ವಿಷ್ಣುಪ್ರಿಯಾ." ದಬದಬ ಗುದ್ದು ಬಿತ್ತು, ನಗೆ ಎದ್ದಿತು. "ಅಕ್ಕಾ, ಕಣ್ಣು ಬಿಟ್ಟು ನೋಡು," ಎಂದ ವಾದೀಂದ್ರ. ಅವಳು ತಲೆ ಅಲ್ಲಾಡಿಸಿ ಹಿಂದೆ ಸರಿದಳು.

ಊಟಕ್ಕೆ ಮೊದಲು ಕೂಸಿಗೆ ದೃಷ್ಟಿ ತೆಗೆಯಬೇಕು. ಓಣಿಯ ಆ ಹಿರಿಯಳು ಸೆರಗು ಸಿಕ್ಕಿಸಿಕೊಂಡು ಎದ್ದಳು. ವಾದೀಂದ್ರ ಅವಳನ್ನು ತಡೆದು, ಉಪ್ಪು ಮೆಣಸಿನಕಾಯಿಯ ತಟ್ಟೆಯನ್ನು ತಾನೇ ತಂದು ಅಕ್ಕನ ಕೈಗೆ ಕೊಟ್ಟ.  ಮೂರು ವರ್ಷದ ಹಿಂದಿನದು ಎಲ್ಲರಿಗೂ ನೆನಪಿತ್ತು.

"ನೀನೇ ತೆಗಿ ಅಕ್ಕಾ."

"ಬ್ಯಾಡೋ ವಾದಿ. ಘಾಟು ಬರದಿದ್ರ?"

"ಬರತೈತಿ. ಎಲ್ಲಾ ಚೊಲೋ ಆಗತೈತಿ."

ಆ ಮಾತು ಅವನ ಬಾಯಿಂದ ಬಂದದ್ದನ್ನು ಯಾಮಿನಿ ಮದುವೆಯಾದಾಗಿನಿಂದ ಕೇಳಿರಲಿಲ್ಲ.

 ತುಳಸಿಬಾಯಿ ಮುಖ ತಿರುಗಿಸಿಕೊಂಡೇ ಕೂಸಿಗೆ ಮೂರು ಸಲ ನಿವಾಳಿಸಿದಳು, ಅಂಗಳಕ್ಕೆ ಹೋಗಿ ಕೆಂಡದ ಮೇಲೆ ಹಾಕಿ ಅಲ್ಲೇ ನಿಂತಳು. ಮೆಣಸಿನಕಾಯಿ ಕಪ್ಪಾಯಿತು, ಉಪ್ಪು ಚಟಪಟ ಎಂದಿತು. 

ಅಬ್ಬಬ್ಬಬ್ಬ, ಅದೆಂಥ ಘಾಟು! ಮೊದಲು ರಾಘಣ್ಣ ಕೆಮ್ಮಿದ, ಆಮೇಲೆ ಪುರೋಹಿತರು. ಕ್ಷಣದಲ್ಲಿ ಇಡೀ ಮನೆ ಮೂಗಿಗೆ ಸೆರಗು ಹಿಡಿದು ಓಣಿಗೆ ಓಡಿತು. ಯಾಮಿನಿ ಕೂಸನ್ನು ಎತ್ತಿಕೊಂಡು ಹಿತ್ತಲ ಕಡೆ ಓಡುವಾಗ ಅಡಿಗೆಮನೆಯ ಕಟ್ಟೆಯ ಮೇಲೆ ಬಿಚ್ಚಿದ ಪೊಟ್ಟಣ ಕಂಡಳು. ಇವರ ಮನೆಯಲ್ಲಿ ಯಾವಾಗಲೂ ತಿನ್ನುವುದು, ಅಂದು ಆ ಹಿರಿಯಳು ಕೆಂಡಕ್ಕೆ ಹಾಕಿದ್ದು, ಖಾರಕ್ಕಿಂತ ಬಣ್ಣವೇ ಹೆಚ್ಚಿರುವ ಬ್ಯಾಡಗಿ ಮೆಣಸಿನಕಾಯಿ. ಪೊಟ್ಟಣದಲ್ಲಿದ್ದದ್ದು ಗುಂಟೂರಿನ ಖಾರದ್ದು, ಮೇಲೆ ಒಂದು ಹಿಡಿ ಬೀಜ ಬೇರೆ. ಗಂಡನ ಕಡೆ ನೋಡಿದಳು. ಕಣ್ಣು ಮೂಗು ಸುರಿಯುತ್ತ ಕೆಮ್ಮುತ್ತಿದ್ದವನು ತುಟಿಯ ಮೇಲೆ ಬೆರಳಿಟ್ಟ.

"ಘಾಟು ಬಂತೋ ವಾದಿ! ಬಂತೋ!" ತುಳಸಿಬಾಯಿ ಹೊಗೆಯ ನಡುವಿನಿಂದ ಕೂಗುತ್ತಿದ್ದಳು, ಕೆಮ್ಮು, ನಗು, ಅಳು ಎಲ್ಲ ಒಟ್ಟಿಗೆ. ಹಿತ್ತಲಿಗೆ ಬಂದವಳು ಸೊಂಟದಿಂದ ಒಂದು ಸಣ್ಣ ಗಂಟು ಬಿಚ್ಚಿದಳು. ಕೆಂಪು ಅಂಚಿನ ಕುಲಾವಿ, ಮಡಿಕೆಯಲ್ಲೇ ಬಣ್ಣ ಸ್ವಲ್ಪ ಮಾಸಿತ್ತು. ಕುಲಾವಿ ಕಟ್ಟಬೇಕಾದರೆ ಕೂಸಿನ ಗದ್ದ ಹಿಡಿಯಬೇಕು, ಮುಖ ನೋಡಬೇಕು. ತುಳಸಿಬಾಯಿ ಸೆರಗು ಹಿಂದಕ್ಕೆ ಸರಿಸಿದಳು.

"ನಮ್ಮವ್ವನ ಮೂಗು ಬಂದೈತಲ್ಲೋ ಇದಕ್ಕ," ಎಂದಳು.